23 ವರ್ಷ ತಡವಾಗಿ ಬಂದ ಪದಕ: ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಹಳೆಯ ವಿದ್ಯಾರ್ಥಿಗಳ ಸಂಘವು ಏರ್ಪಡಿಸಿದ್ದ ಉಪನ್ಯಾಸದ ಬರಹ ರೂಪ)



ಸಂಘದವರು ನನಗೆ ಫೋನ್ ಮಾಡಿದಾಗ, "ಇಂಜಿನಿಯರಿಂಗ್ ಓದಿ ಸಾಫ್ಟ್‌ವೇರ್ ಕೆಲಸ ಪಡೆಯುವುದು ಹೇಗೆ ಅಂತ ಮಕ್ಕಳಿಗೆ ನಾಲ್ಕು ಮಾತು ಹೇಳು" ಅಂದಿದ್ದರು. ಅದನ್ನು ಊಟದ ಹೊತ್ತಿನಲ್ಲಿ, ಕೇಳಿದ ಮಕ್ಕಳಿಗೆಲ್ಲ ಹೇಳುತ್ತೇನೆ. ಈ ವೇದಿಕೆಯ ಮೇಲೆ ಬೇರೆ ಒಬ್ಬರ ವಿಷಯ ಮಾತನಾಡಲು ಅನುಮತಿ ಕೇಳಿದೆ. ಅವರು ಒಪ್ಪಿದರು. ಅದಕ್ಕಾಗಿ ಅವರಿಗೆ ಮೊದಲ ಕೃತಜ್ಞತೆ.

ಕೆಲವು ವರ್ಷಗಳ ಹಿಂದೆ ನಾವು ಗೆಳೆಯರು ಮಡಿಕೇರಿಗೆ ಹೋಗಿದ್ದೆವು. ಅಲ್ಲಿ ಒಂದು ವೃತ್ತದಲ್ಲಿ ವಾಯುಪಡೆಯ ಸಮವಸ್ತ್ರದ ಒಬ್ಬರ ಪ್ರತಿಮೆ ನೋಡಿದೆ. ಕೆಳಗೆ ಹೆಸರು: ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ, ಮಹಾವೀರ ಚಕ್ರ. "ಯಾರಿವರು?" ಎಂದು ಗೆಳೆಯರನ್ನು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಸಮಾಜ ವಿಜ್ಞಾನಕ್ಕೆ ಒಳ್ಳೆಯ ಅಂಕ ತೆಗೆದವನು ನಾನು, ನನಗೂ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಊರಿಗೆ ಬಂದ ಮೇಲೆ ಓದುತ್ತಾ ಹೋದೆ. ಓದಿದಷ್ಟೂ ಒಂದು ವಿಷಯ ಮನಸ್ಸಿಗೆ ನಾಟಿತು. ನಮಗೆ ಮಾತ್ರವಲ್ಲ, ಅವರು ಏನು ಮಾಡಿದರೆಂಬುದು ಅವರ ಜೊತೆಯಲ್ಲಿ ಹಾರಿದವರಿಗೂ, ಅವರ ಮನೆಯವರಿಗೂ, ಇಡೀ ದೇಶಕ್ಕೂ ಎಷ್ಟೋ ವರ್ಷ ಗೊತ್ತಿರಲಿಲ್ಲ. ಇವತ್ತು ನಾನು ಹೇಳುವುದು ಆ ಕಥೆಯನ್ನೇ.

ದೇವಯ್ಯನವರು ಹುಟ್ಟಿದ್ದು 1932ರ ಡಿಸೆಂಬರ್ 24ರಂದು, ಕೊಡಗಿನಲ್ಲಿ. ತಂದೆ ವೈದ್ಯರು. 'ಅಜ್ಜಮಾಡ' ಎಂಬುದು ಅವರ ಒಕ್ಕದ, ಅಂದರೆ ಮನೆತನದ ಹೆಸರು. ಕೊಡವರಲ್ಲಿ ಮನೆತನದ ಹೆಸರು ಮೊದಲು, ತನ್ನ ಹೆಸರು ಆಮೇಲೆ. ಗಂಡು ಮಗು ಹುಟ್ಟಿದರೆ ಗಾಳಿಯಲ್ಲಿ ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ ಇದ್ದ ನಾಡು ಅದು. ನಾವು ಆಯುಧಪೂಜೆಗೆ ಕುಡುಗೋಲು, ನೇಗಿಲು, ಟ್ರ್ಯಾಕ್ಟರ್ ತೊಳೆದು ಪೂಜೆ ಮಾಡುವ ಹಾಗೆ, ಅವರು ಸೆಪ್ಟೆಂಬರ್ ಮೊದಲ ವಾರದಲ್ಲಿ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡುತ್ತಾರೆ. ದೇಶಕ್ಕೆ ಜನರಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರನ್ನು ಕೊಟ್ಟ ಜಿಲ್ಲೆ. ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದಾಗ ದೇವಯ್ಯನವರು ಹದಿನಾರು ವರ್ಷದ ಹುಡುಗ. ಇಲ್ಲಿ ಕುಳಿತಿರುವ ಹತ್ತನೇ ತರಗತಿಯ ಮಕ್ಕಳ ವಯಸ್ಸು.

ಅವರು ಆರಿಸಿಕೊಂಡದ್ದು ನೆಲದ ಸೈನ್ಯವನ್ನಲ್ಲ, ಆಕಾಶವನ್ನು. 1954ರಲ್ಲಿ ಭಾರತೀಯ ವಾಯುಪಡೆಯಲ್ಲಿ ಪೈಲಟ್ ಅಧಿಕಾರಿಯಾದರು. ಮುಂದೆ ವಾಯುಪಡೆಯ ಫ್ಲೈಯಿಂಗ್ ಕಾಲೇಜಿನಲ್ಲಿ ಬೋಧಕರಾದರು. ಅಂದರೆ ಹೊಸ ಹುಡುಗರಿಗೆ ವಿಮಾನ ಹಾರಿಸುವುದನ್ನು ಕಲಿಸುವ ಮೇಷ್ಟ್ರು. ಈ ಮಾತನ್ನು ನಮ್ಮ ಗುರುಗಳ ಮುಂದೆ ಹೇಳುವಾಗ ನನಗೆ ಬೇರೆಯೇ ಸಂತೋಷ. 1965ರ ಯುದ್ಧದ ಹೊತ್ತಿಗೆ ಅವರು ಮೇಷ್ಟ್ರೇ ಆಗಿದ್ದರು. ಯುದ್ಧ ಬಂದಾಗ ಅವರನ್ನು ವಾಯುಪಡೆಯ ಒಂದನೇ ಸ್ಕ್ವಾಡ್ರನ್‌ಗೆ ಕಳುಹಿಸಲಾಯಿತು. 'ಟೈಗರ್ಸ್' ಎಂದು ಹೆಸರಾದ ಈ ದಳ ನಮ್ಮ ವಾಯುಪಡೆಯ ಅತ್ಯಂತ ಹಳೆಯ ದಳ. 1933ರ ಏಪ್ರಿಲ್ 1ರಂದು ಆರಂಭವಾದದ್ದು. ದೇವಯ್ಯನವರಿಗೂ ಆ ದಳಕ್ಕೂ ಕೆಲವೇ ತಿಂಗಳ ವಯಸ್ಸಿನ ವ್ಯತ್ಯಾಸ.

1965ರ ಯುದ್ಧದ ಹಿನ್ನೆಲೆಯನ್ನು ಮಕ್ಕಳಿಗಾಗಿ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಆ ವರ್ಷದ ಆಗಸ್ಟ್‌ನಲ್ಲಿ ಪಾಕಿಸ್ತಾನ ಕಾಶ್ಮೀರದೊಳಕ್ಕೆ ನುಸುಳುಕೋರರನ್ನು ಕಳುಹಿಸಿತು. ಸೆಪ್ಟೆಂಬರ್ 1ರಂದು ಛಾಂಬ್ ಪ್ರದೇಶದಲ್ಲಿ ಟ್ಯಾಂಕುಗಳೊಂದಿಗೆ ದಾಳಿ ಮಾಡಿತು. ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಸರ್ಕಾರ ಸೆಪ್ಟೆಂಬರ್ 6ರಂದು ಲಾಹೋರ್ ಕಡೆಗೆ ನಮ್ಮ ಸೈನ್ಯವನ್ನು ನುಗ್ಗಿಸಿತು. ಅದೇ ದಿನ ಸಂಜೆ ಪಾಕಿಸ್ತಾನದ ವಿಮಾನಗಳು ಪಂಜಾಬಿನಲ್ಲಿದ್ದ ನಮ್ಮ ವಾಯುನೆಲೆಗಳ ಮೇಲೆ ಬಂದವು. ಪಠಾಣ್‌ಕೋಟ್‌ನಲ್ಲಿ ನೆಲದ ಮೇಲೆ ನಿಂತಿದ್ದ ನಮ್ಮ ಎಷ್ಟೋ ವಿಮಾನಗಳು ಸುಟ್ಟುಹೋದವು. ರಾತ್ರಿ ಪಠಾಣ್‌ಕೋಟ್, ಆದಂಪುರ, ಹಲ್ವಾರ ನೆಲೆಗಳ ಸುತ್ತ ಪಾಕಿಸ್ತಾನ ಪ್ಯಾರಾಚೂಟ್ ಸೈನಿಕರನ್ನು ಇಳಿಸಿತು. ಅವರನ್ನು ಹೊಲಗದ್ದೆಗಳಲ್ಲಿ ಹುಡುಕಿ ಹಿಡಿದವರಲ್ಲಿ ಪಂಜಾಬಿನ ಹಳ್ಳಿಯ ಜನರೂ ಇದ್ದರು.

ಅಂಥ ರಾತ್ರಿ ಆದಂಪುರದಲ್ಲಿ ಒಂದನೇ ಸ್ಕ್ವಾಡ್ರನ್ನಿನ ಪೈಲಟ್‌ಗಳಿಗೆ ಆದೇಶ ಬಂತು: ಬೆಳಕು ಹರಿಯುವ ಹೊತ್ತಿಗೆ ಸರ್ಗೋಧಾ ಮೇಲೆ ದಾಳಿ. ಸರ್ಗೋಧಾ ಅಂದರೆ ಪಾಕಿಸ್ತಾನ ವಾಯುಪಡೆಯ ಹೃದಯಸ್ಥಾನ. ಆದಂಪುರದಿಂದ ಸುಮಾರು 300 ಕಿಲೋಮೀಟರ್ ಒಳಗೆ. ದಾಳಿಯ ನಾಯಕರು ಸ್ಕ್ವಾಡ್ರನ್ನಿನ ಮುಖ್ಯಸ್ಥ ವಿಂಗ್ ಕಮಾಂಡರ್ ಓ.ಪಿ. ತನೇಜ. ಯೋಜನೆ ಪ್ರಕಾರ ಹೋಗಬೇಕಾದದ್ದು 12 ವಿಮಾನಗಳು. ಅವುಗಳ ಜೊತೆಗೆ ಎರಡು ವಿಮಾನ ಮೀಸಲು. ಹೊರಟ 12ರಲ್ಲಿ ಯಾವುದಾದರೂ ಕೆಟ್ಟು ಹಿಂದೆ ಸರಿದರೆ ಮಾತ್ರ ಮೀಸಲಿನವರು ಅದರ ಜಾಗ ತುಂಬಬೇಕು. ಇಲ್ಲವಾದರೆ ನೆಲೆಯಲ್ಲೇ ಉಳಿಯಬೇಕು.

ದೇವಯ್ಯನವರ ಹೆಸರು ಇದ್ದದ್ದು ಆ ಮೀಸಲು ಪಟ್ಟಿಯಲ್ಲಿ.

ನಾವು ಕಬಡ್ಡಿ ಆಡುವಾಗ ಮೀಸಲು ಆಟಗಾರನೆಂದರೆ ನೀರು ಕೊಡುವವನು, ಬಟ್ಟೆ ಕಾಯುವವನು ಎಂದು ತಮಾಷೆ ಮಾಡುತ್ತಿದ್ದೆವು. ನನ್ನ ಕೆಲಸದಲ್ಲೂ 'ಸ್ಟ್ಯಾಂಡ್‌ಬೈ' ಅಂತ ಇರುತ್ತದೆ. ರಾತ್ರಿ ಕಂಪ್ಯೂಟರ್ ವ್ಯವಸ್ಥೆ ಕೆಟ್ಟರೆ ಎದ್ದು ಕೂರಬೇಕು. ನಮಗೆ ಹೆಚ್ಚೆಂದರೆ ಒಂದು ದಿನದ ನಿದ್ದೆ ಕೆಡುತ್ತದೆ. ಆದಂಪುರದ ಆ ಬೆಳಗಿನ ಜಾವ ಮೀಸಲು ಪೈಲಟ್ ಮಾಡಬೇಕಾದದ್ದು ಬೇರೆ. ಹೋಗುವವರಷ್ಟೇ ಪೂರ್ತಿ ಸಿದ್ಧನಾಗಬೇಕು. ದಾರಿ, ಗುರಿ, ಇಂಧನದ ಲೆಕ್ಕ ಎಲ್ಲವನ್ನೂ ತಲೆಯಲ್ಲಿ ಇಟ್ಟುಕೊಳ್ಳಬೇಕು. ಇಷ್ಟೆಲ್ಲ ಆದ ಮೇಲೆ, ಹೋಗದೆಯೂ ಇರಬೇಕಾಗಬಹುದು. ಅಂದು ಹಾಗಾಗಲಿಲ್ಲ. ಸೆಪ್ಟೆಂಬರ್ 7ರ ನಸುಕಿನಲ್ಲಿ ದಾಳಿ ಹೊರಟಿತು, ಒಂದು ವಿಮಾನ ಹಿಂದೆ ಸರಿಯಿತು. ದೇವಯ್ಯನವರು ಅದರ ಜಾಗಕ್ಕೆ ಸೇರಿಕೊಂಡರು.

ಇಲ್ಲಿ ಎರಡು ವಿಮಾನಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅದು ಗೊತ್ತಾಗದೆ ದೇವಯ್ಯನವರು ಮಾಡಿದ ಕೆಲಸದ ತೂಕ ಗೊತ್ತಾಗುವುದಿಲ್ಲ.

ನಮ್ಮವರು ಹಾರಿಸುತ್ತಿದ್ದದ್ದು 'ಮಿಸ್ಟೇರ್' ಎಂಬ ಫ್ರಾನ್ಸ್ ದೇಶದ ವಿಮಾನ. ಭಾರತ ಅದನ್ನು ಕೊಂಡದ್ದು 1957ರಿಂದ ಈಚೆಗೆ. ಗಟ್ಟಿಮುಟ್ಟಾದ ವಿಮಾನ, 30 ಮಿಲಿಮೀಟರ್‌ನ ಎರಡು ಫಿರಂಗಿಗಳು ಇದ್ದವು. ಆದರೆ ನೇರವಾಗಿ ಹಾರುವಾಗ ಶಬ್ದದ ವೇಗವನ್ನು ದಾಟುತ್ತಿರಲಿಲ್ಲ. ಪಾಕಿಸ್ತಾನದ ಬಳಿ ಆಗ ಅಮೆರಿಕ ಕೊಟ್ಟ 'ಸ್ಟಾರ್‌ಫೈಟರ್' ವಿಮಾನಗಳಿದ್ದವು. ಒಟ್ಟು ಇದ್ದದ್ದೇ ಹನ್ನೆರಡು. ಎತ್ತರದಲ್ಲಿ ಶಬ್ದದ ಎರಡು ಪಟ್ಟು ವೇಗ. ಕ್ಷಿಪಣಿ ಬೇರೆ, ಆರು ನಳಿಗೆಯ ತಿರುಗುವ ಬಂದೂಕು ಬೇರೆ. ನೋಡಲು ಚೂಪಾದ ಪೆನ್ಸಿಲ್ಲಿನಂತೆ, ರೆಕ್ಕೆಗಳು ಎಷ್ಟು ಸಣ್ಣವೆಂದರೆ ಇದು ಹಾರುವುದು ಹೇಗೆ ಎಂದು ಅಚ್ಚರಿಯಾಗುತ್ತದೆ. ನಮ್ಮ ಮಿಸ್ಟೇರಿಗೂ ಅದಕ್ಕೂ ಹೋಲಿಸಿದರೆ, ಹಳೆಯ ಲಾರಿಗೂ ರೇಸ್ ಬೈಕಿಗೂ ಪಂದ್ಯ ಇಟ್ಟ ಹಾಗೆ.

ಎರಡನೆಯದು ಇಂಧನ. ರಾಡಾರಿಗೆ ಸಿಗಬಾರದೆಂದು ನಮ್ಮ ವಿಮಾನಗಳು ಮರಗಳ ತಲೆ ಸವರಿಕೊಂಡು ಹೋಗುವಷ್ಟು ತಗ್ಗಿನಲ್ಲಿ ಹಾರಬೇಕಿತ್ತು. ತಗ್ಗಿನಲ್ಲಿ ಗಾಳಿ ದಟ್ಟವಾಗಿರುತ್ತದೆ. ಗದ್ದೆಯ ಕೆಸರಿನಲ್ಲಿ ನಡೆದರೆ ರಸ್ತೆಯಲ್ಲಿ ನಡೆದದ್ದಕ್ಕಿಂತ ಬೇಗ ಸುಸ್ತಾಗುವುದಿಲ್ಲವೇ, ಹಾಗೆ ಜೆಟ್ ಇಂಜಿನ್ ತಗ್ಗಿನಲ್ಲಿ ಇಂಧನವನ್ನು ಬಹಳ ಬೇಗ ನುಂಗುತ್ತದೆ. ಸರ್ಗೋಧಾ ಮಿಸ್ಟೇರ್ ವಿಮಾನ ಹೋಗಿ ಬರಬಹುದಾದ ದೂರದ ಅಂಚಿನಲ್ಲಿತ್ತು. ಹೋಗಬೇಕು, ಹೊಡೆಯಬೇಕು, ನೇರ ಮನೆ ಕಡೆ ಮುಖ ಮಾಡಬೇಕು. ದಾರಿಯಲ್ಲಿ ಜಗಳಕ್ಕೆ ನಿಂತರೆ, ಗೆದ್ದರೂ ಮನೆ ತಲುಪುವಷ್ಟು ಇಂಧನ ಉಳಿಯುವುದು ಕಷ್ಟ. ಈ ಲೆಕ್ಕ ಅಂದು ಹಾರಿದ ಪ್ರತಿಯೊಬ್ಬ ಪೈಲಟ್‌ಗೂ ಗೊತ್ತಿತ್ತು. ಹುಡುಗರಿಗೆ ವಿಮಾನ ಹಾರಿಸಲು ಕಲಿಸುತ್ತಿದ್ದ ದೇವಯ್ಯನವರಿಗೆ ಗೊತ್ತಿಲ್ಲದಿರಲು ಸಾಧ್ಯವೇ?

ದಾಳಿ ಮುಗಿಸಿ ನಮ್ಮ ವಿಮಾನಗಳು ಮರಳುವಾಗ ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಸ್ಟಾರ್‌ಫೈಟರ್‌ನಲ್ಲಿ ಬೆನ್ನಟ್ಟಿ ಬಂದರು. ಅವರ ಕಣ್ಣಿಗೆ ಬಿದ್ದದ್ದು ದೇವಯ್ಯನವರ ವಿಮಾನ. ಬಂದೂಕಿನ ಗುಂಡುಗಳು ಮಿಸ್ಟೇರಿಗೆ ತಗುಲಿದವು. ಅದರ ಕಥೆ ಮುಗಿಯಿತು ಎಂದು ಭಾವಿಸಿ ಅಮ್ಜದ್ ಮುಂದಕ್ಕೆ ಹೋದರು. ಆದರೆ ಮಿಸ್ಟೇರ್ ಬೀಳಲಿಲ್ಲ.

ಆ ಗಳಿಗೆಯಲ್ಲಿ ದೇವಯ್ಯನವರ ಮುಂದೆ ಇದ್ದ ದಾರಿಗಳನ್ನು ಎಣಿಸಿ ನೋಡಿ. ಪೆಟ್ಟು ತಿಂದ ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಹಾರಬಹುದಿತ್ತು. ಸೆರೆಯಾಗುತ್ತಿದ್ದರು, ಬಹುಶಃ ಬದುಕುತ್ತಿದ್ದರು. ತಗ್ಗಿನಲ್ಲಿ ಹಾರಿ ಗಡಿ ದಾಟಲು ಪ್ರಯತ್ನಿಸಬಹುದಿತ್ತು. ಅವೆರಡನ್ನೂ ಬಿಟ್ಟು ಅವರು ತಮಗಿಂತ ಎಲ್ಲ ರೀತಿಯಲ್ಲೂ ಬಲವಾದ ವಿಮಾನದ ಮೇಲೆ ತಿರುಗಿಬಿದ್ದರು. ರೇಸ್ ಬೈಕು ನೇರ ರಸ್ತೆಯಲ್ಲಿ ಎಷ್ಟೇ ವೇಗವಾಗಿ ಓಡಲಿ, ಅಂಕುಡೊಂಕಿನ ಓಣಿಯಲ್ಲಿ ಅದರ ವೇಗ ಕೆಲಸಕ್ಕೆ ಬಾರದು. ಸಣ್ಣ ರೆಕ್ಕೆಯ ಸ್ಟಾರ್‌ಫೈಟರ್‌ಗೂ ಅಷ್ಟೇ: ನೇರ ಓಟದಲ್ಲಿ ಹುಲಿ, ತಿರುವಿನಲ್ಲಿ ಬಡಪಾಯಿ. ನೆಲಕ್ಕೆ ಹತ್ತಿರದಲ್ಲಿ ನಡೆದ ಆ ತಿರುವುಮುರುವಿನ ಕಾದಾಟದಲ್ಲಿ ದೇವಯ್ಯನವರ ಫಿರಂಗಿ ಗುಂಡುಗಳು ಸ್ಟಾರ್‌ಫೈಟರ್‌ಗೆ ತಗುಲಿದವು. ಅದರ ಹತೋಟಿ ತಪ್ಪಿತು. ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಿಂದ ಇಳಿದು ಜೀವ ಉಳಿಸಿಕೊಂಡರು. ಪೆಟ್ಟು ತಿಂದಿದ್ದ ಮಿಸ್ಟೇರ್ ಕೂಡ ಪಾಕಿಸ್ತಾನದ ನೆಲದಲ್ಲೇ ಬಿತ್ತು. ದೇವಯ್ಯನವರು ಬದುಕಲಿಲ್ಲ. ಅವರಿಗೆ ಆಗ 32 ವರ್ಷ.

ಒಂದು ಮಾತು ಗಮನಿಸಿ. ಅವರ ಕೈಗೆ ಸಿಕ್ಕಿ ಬಿದ್ದ ಆ ಸ್ಟಾರ್‌ಫೈಟರ್, ಮನೆ ಕಡೆ ಮುಖ ಮಾಡಿದ್ದ ನಮ್ಮ ಬೇರೆ ಯಾವ ವಿಮಾನವನ್ನೂ ಅಟ್ಟಿಸಿಕೊಂಡು ಹೋಗಲಿಲ್ಲ.

ಈಗ ಆದಂಪುರಕ್ಕೆ ಬನ್ನಿ. ಹೋದ ವಿಮಾನಗಳು ಒಂದೊಂದಾಗಿ ಇಳಿದವು. ಎಣಿಸಿದರೆ ಒಂದು ಕಡಿಮೆ. ತನೇಜ ಅವರ ತಂಡದಲ್ಲಿ ಮರಳದಿದ್ದವರು ದೇವಯ್ಯ ಒಬ್ಬರೇ. ಅವರು ಎಲ್ಲಿ ತಂಡದಿಂದ ಬೇರೆಯಾದರು, ಏನಾಯಿತು, ನೋಡಿದವರು ಯಾರೂ ಇಲ್ಲ. ಕಾದಾಟ ನಡೆದಿದೆ ಎಂಬುದೇ ನಮ್ಮವರಿಗೆ ತಿಳಿಯದು. ದಾಖಲೆಯಲ್ಲಿ ಅವರ ಹೆಸರಿನ ಮುಂದೆ ಬರೆದದ್ದು ಒಂದೇ ಪದ: 'ಕಾಣೆಯಾಗಿದ್ದಾರೆ'. ಆಮೇಲೆ ಮೃತರೆಂದು ಪರಿಗಣಿಸಲಾಯಿತು.

ಊರಿನ ತಾಯಂದಿರಿಗೆ ಈ ಪದದ ಭಾರ ನಾನು ವಿವರಿಸಬೇಕಿಲ್ಲ. ಸತ್ತರು ಎಂದರೆ ಅಳಬಹುದು, ಮಣ್ಣು ಕೊಡಬಹುದು, ತಿಥಿ ಮಾಡಬಹುದು. ಕಾಣೆ ಎಂದರೆ ಬಾಗಿಲು ಹಾಕುವ ಹಾಗೂ ಇಲ್ಲ, ತೆರೆದಿಡುವ ಹಾಗೂ ಇಲ್ಲ. ಅವರ ಪತ್ನಿ, ಮಕ್ಕಳು ಈ ಪದವನ್ನು ಹೊತ್ತು ಬದುಕಬೇಕಾಯಿತು.

ಅದೇ ತಿಂಗಳ 22ರಂದು ಕೊಡಗಿನ ಇನ್ನೊಬ್ಬ ಪೈಲಟ್ ಪಾಕಿಸ್ತಾನದಲ್ಲಿ ಬಿದ್ದರು. ಅವರು ಕಾರ್ಯಪ್ಪನವರ ಮಗ, ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ. ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದ ಅಯೂಬ್ ಖಾನ್ ಆಗ ಪಾಕಿಸ್ತಾನದ ಅಧ್ಯಕ್ಷ. ಮಗನಿಗೆ ವಿಶೇಷ ಅನುಕೂಲ ಮಾಡಿಕೊಡಲು ಮುಂದೆ ಬಂದಾಗ, ಸೆರೆಸಿಕ್ಕ ಎಲ್ಲ ಸೈನಿಕರೂ ತನ್ನ ಮಕ್ಕಳೇ, ಒಬ್ಬನಿಗೆ ಮಾತ್ರ ಬೇಡ ಎಂದು ಕಾರ್ಯಪ್ಪನವರು ಒಪ್ಪಲಿಲ್ಲ. ಈ ಪ್ರಸಂಗ ನಾಡಿಗೆಲ್ಲ ಗೊತ್ತು. ಆ ಮಗ ಯುದ್ಧದ ನಂತರ ಬಿಡುಗಡೆಯಾಗಿ ಮನೆಗೆ ಬಂದರು. ಒಂದು ಮನೆಗೆ ಸುದ್ದಿ ಬಂತು, ಮಗನೂ ಬಂದ. ಅಜ್ಜಮಾಡರ ಮನೆಗೆ ಸುದ್ದಿಯೂ ಬರಲಿಲ್ಲ.

1971ರಲ್ಲಿ ಮತ್ತೆ ಯುದ್ಧ. ಆ ಡಿಸೆಂಬರ್‌ನಲ್ಲಿ ಅಮೃತಸರದ ಹತ್ತಿರ ನಮ್ಮ ನೆಲದ ಗುಂಡಿಗೆ ಪಾಕಿಸ್ತಾನದ ಒಂದು ಸ್ಟಾರ್‌ಫೈಟರ್ ಬಿತ್ತು. ಪೈಲಟ್ ಸೆರೆಸಿಕ್ಕರು. ಅವರು ಬೇರೆ ಯಾರೂ ಅಲ್ಲ, ಅದೇ ಅಮ್ಜದ್ ಹುಸೇನ್. 1965ರ ಸೆಪ್ಟೆಂಬರ್ 7ರ ಬೆಳಿಗ್ಗೆ ಏನಾಯಿತೆಂದು ಕಣ್ಣಾರೆ ನೋಡಿದ್ದ ವ್ಯಕ್ತಿ ಯುದ್ಧಕೈದಿಯಾಗಿ ನಮ್ಮ ದೇಶದಲ್ಲೇ ಇದ್ದರು. ಆದರೂ ದೇವಯ್ಯನವರ ಪದಕ ಬರಲು ಇನ್ನೂ 17 ವರ್ಷ ಬಾಕಿ ಇತ್ತು. ಪ್ರಶ್ನೆಯೇ ಗೊತ್ತಿಲ್ಲದಿದ್ದರೆ ಉತ್ತರ ಎದುರಿಗೇ ಇದ್ದರೂ ಪ್ರಯೋಜನವಿಲ್ಲ ಎಂದು ನನಗೆ ಅನ್ನಿಸಿದ್ದು ಇದನ್ನು ಓದಿದಾಗ.

1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು 1965ರ ವಾಯುಯುದ್ಧದ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಪಾಕಿಸ್ತಾನ ವಾಯುಪಡೆಯ ನೆರವಿನಿಂದ, ಅವರ ಕಡೆಯ ಮಾಹಿತಿ ಇಟ್ಟುಕೊಂಡು ಬರೆದ ಪುಸ್ತಕ ಅದು. ಸಹಜವಾಗಿಯೇ ಅವರ ಪರವಾಗಿದೆ. ಆದರೆ ಅದರಲ್ಲಿ ಒಂದು ವಿಷಯ ಹೊರಬಿತ್ತು: ಸರ್ಗೋಧಾ ದಾಳಿಯ ದಿನ ಒಂದು ಸ್ಟಾರ್‌ಫೈಟರ್ ಕಳೆದುಹೋದದ್ದು ಒಂದು ಮಿಸ್ಟೇರ್ ಜೊತೆಗಿನ ಕಾದಾಟದಲ್ಲಿ.

ನಮ್ಮ ವಾಯುಪಡೆಯವರು ಲೆಕ್ಕ ಹಾಕಿದರು. ಮರಳಿ ಬಂದ ಪೈಲಟ್‌ಗಳಲ್ಲಿ ಸ್ಟಾರ್‌ಫೈಟರ್ ಹೊಡೆದುರುಳಿಸಿದೆ ಎಂದು ಹೇಳಿದವರು ಯಾರೂ ಇಲ್ಲ. ಹಾಗಾದರೆ ಹೊಡೆದವರು ಯಾರು? ಮರಳಿ ಬಂದು ಹೇಳಲು ಆಗದಿದ್ದವರು. ಅಂಥವರು ಒಬ್ಬರೇ. ನಾವು ಗಣಿತದಲ್ಲಿ ಮಾಡುವ ಹಾಗೆ, ಗೊತ್ತಿರುವುದನ್ನೆಲ್ಲ ಕಳೆದರೆ ಉಳಿಯುವುದೇ ಉತ್ತರ. ಅಂದಿನ ನಾಯಕರಾದ ತನೇಜ ಅವರೂ ತಮ್ಮ ಪೈಲಟ್‌ಗೆ ಸಲ್ಲಬೇಕಾದ ಗೌರವಕ್ಕಾಗಿ ದನಿ ಎತ್ತಿದರು.

1988ರಲ್ಲಿ ಭಾರತ ಸರ್ಕಾರ ಸ್ಕ್ವಾಡ್ರನ್ ಲೀಡರ್ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಘೋಷಿಸಿತು. ಯುದ್ಧಕಾಲದ ಶೌರ್ಯಕ್ಕೆ ಕೊಡುವ ಪದಕಗಳಲ್ಲಿ ಪರಮವೀರ ಚಕ್ರದ ನಂತರದ್ದು. ಕಾದಾಟ ನಡೆದು 23 ವರ್ಷ ಕಳೆದಿತ್ತು. ಪದಕವನ್ನು ಸ್ವೀಕರಿಸಿದವರು ಅವರ ಪತ್ನಿ.

ಕಥೆಯ ಇನ್ನೊಂದು ತುಂಡು ಸಿಕ್ಕಿದ್ದು ಇನ್ನೂ ತಡವಾಗಿ, ಅದೂ ಪಾಕಿಸ್ತಾನದಿಂದಲೇ. ಅಲ್ಲಿನ ವಾಯುಪಡೆಯ ನಿವೃತ್ತ ಅಧಿಕಾರಿ, ಇತಿಹಾಸ ಲೇಖಕ ಕೈಸರ್ ತುಫೈಲ್ ಈ ಘಟನೆಯ ಬಗ್ಗೆ ಬರೆದರು. ವಿಮಾನ ಬಿದ್ದ ಊರಿನ ಜನ ದೇವಯ್ಯನವರ ದೇಹವನ್ನು ಕಂಡು, ಹೊಲದಲ್ಲೇ ಮಣ್ಣು ಮಾಡಿದ್ದರಂತೆ.

ಇದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಅವರ ನೆಲದ ಮೇಲೆ ಬಾಂಬು ಹಾಕಲು ಬಂದಿದ್ದ ವಿಮಾನ ಅದು. ಆದರೂ ಒಬ್ಬ ಅಪರಿಚಿತ ಮನುಷ್ಯನ ದೇಹ ಹೊಲದಲ್ಲಿ ಬಿದ್ದಿದ್ದಾಗ ರೈತರು ಮಾಡಬೇಕಾದದ್ದನ್ನು ಮಾಡಿದರು. ನಮ್ಮೂರಿನ ಹೊಲದಲ್ಲಿ ಹೀಗಾಗಿದ್ದರೆ ನಮ್ಮ ಅಜ್ಜಂದಿರೂ ಹೀಗೆಯೇ ಮಾಡುತ್ತಿದ್ದರು. ಶೌರ್ಯದ ಕಥೆ ಹೇಳುವಾಗ ಎದುರಾಳಿಯನ್ನು ಬೈದು ಚಪ್ಪಾಳೆ ಗಿಟ್ಟಿಸುವುದು ಸುಲಭ. ಆದರೆ ದೇವಯ್ಯನವರ ಶೌರ್ಯ ನಮಗೆ ತಿಳಿದದ್ದೇ ಎದುರಾಳಿಗಳ ಬಾಯಿಂದ. ಅದನ್ನು ಮರೆಯಬಾರದು.

ಕಳೆದ 2025ರ ಜನವರಿಯಲ್ಲಿ 'ಸ್ಕೈ ಫೋರ್ಸ್' ಎಂಬ ಹಿಂದಿ ಸಿನಿಮಾ ಬಂತು. ಮಕ್ಕಳಲ್ಲಿ ಕೆಲವರು ಮೊಬೈಲಿನಲ್ಲಿ ನೋಡಿರಬಹುದು. ಅದಕ್ಕೆ ಪ್ರೇರಣೆ ಇದೇ ಘಟನೆ. ಆದರೆ ಸಿನಿಮಾದಲ್ಲಿ ಪಾತ್ರದ ಹೆಸರು ಬೇರೆ. ಹೆಸರು ಉಳಿಸುವ ಕೆಲಸವನ್ನು ಸಿನಿಮಾಕ್ಕೆ ಬಿಟ್ಟರೆ ಹೀಗೇ ಆಗುವುದು. ಆ ಕೆಲಸ ನಮ್ಮಂಥವರದು.

ಈಗ ನನ್ನ ಮನಸ್ಸಿನಲ್ಲಿರುವ ವಿಷಯಕ್ಕೆ ಬರುತ್ತೇನೆ. ಇಷ್ಟು ದೂರದ ಕಥೆಯನ್ನು ನಮ್ಮ ಶಾಲೆಯ ಅಂಗಳದಲ್ಲಿ ಯಾಕೆ ಹೇಳಿದೆ?

ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯಲ್ಲಿ ಒಬ್ಬರಿದ್ದರು. ನಮಗೆಲ್ಲ ಅವರು 'ಮಿಲ್ಟ್ರಿ ಮಾವ'. ರಜೆಗೆ ಬಂದರೆ ಬಸ್ಸಿನ ಮೇಲಿಂದ ಕಪ್ಪು ಟ್ರಂಕು ಇಳಿಯುತ್ತಿತ್ತು. ಅದರ ಮೇಲೆ ಬಿಳಿ ಬಣ್ಣದಲ್ಲಿ ಅವರ ಹೆಸರು, ಒಂದು ಉದ್ದನೆಯ ನಂಬರು. ನಾವು ಹುಡುಗರು ಆ ಟ್ರಂಕನ್ನು ಹೊತ್ತು ಮನೆ ಮುಟ್ಟಿಸಲು ಜಗಳವಾಡುತ್ತಿದ್ದೆವು, ಬಿಸ್ಕತ್ತು ಸಿಗುತ್ತಿತ್ತು. ನಿವೃತ್ತಿಯಾಗಿ ಬಂದ ಮೇಲೂ ಬೆಳಿಗ್ಗೆ ಐದಕ್ಕೆ ಎದ್ದು ಕೆರೆ ಏರಿಯ ಮೇಲೆ ನಡೆಯುತ್ತಿದ್ದರು. ಅವರು ಯಾವ ದಳದಲ್ಲಿದ್ದರು? ಎಲ್ಲೆಲ್ಲಿ ಇದ್ದರು? ಯುದ್ಧ ನೋಡಿದ್ದರೇ? ನಾನು ಒಂದು ದಿನವೂ ಕೇಳಲಿಲ್ಲ. ನಾನು ಬಿ.ಇ. ಓದುತ್ತಿದ್ದಾಗ ಅವರು ತೀರಿಕೊಂಡರು. ಪರೀಕ್ಷೆ ಇತ್ತು, ಬರಲಿಲ್ಲ. ಮೊನ್ನೆ ಅವರ ಮನೆಗೆ ಹೋಗಿ ಅತ್ತೆಯನ್ನು ಕೇಳಿದೆ. "ಅವ್ರು ಏನೂ ಹೇಳ್ತಿರ್ಲಿಲ್ಲ ಕಣಪ್ಪ, ನಾವೂ ಕೇಳ್ಲಿಲ್ಲ" ಅಂದರು. ಟ್ರಂಕು ಅಟ್ಟದ ಮೇಲಿದೆ, ಹಳೆಯ ಕೌದಿಗಳನ್ನು ತುಂಬಿದ್ದಾರೆ. ಮೇಲಿನ ನಂಬರು ಅರ್ಧ ಅಳಿಸಿದೆ.

ಅದಾದ ಮೇಲೆ ಮುಖ್ಯ ಶಿಕ್ಷಕರ ಅನುಮತಿ ಪಡೆದು ನಮ್ಮ ಶಾಲೆಯ ದಾಖಲಾತಿ ರಿಜಿಸ್ಟರುಗಳನ್ನು ನೋಡಿದೆ. ಐವತ್ತು ವರ್ಷದ ರಿಜಿಸ್ಟರುಗಳು, ಗೆದ್ದಲಿಗೆ ಸಿಗದಂತೆ ಕಾಪಾಡಿದ ಕಚೇರಿ ಸಿಬ್ಬಂದಿಗೆ ಕೈಮುಗಿಯಬೇಕು. ಅದರಲ್ಲಿ ಹೆಸರಿದೆ, ತಂದೆಯ ಹೆಸರಿದೆ, ಹುಟ್ಟಿದ ದಿನಾಂಕವಿದೆ. ಕೊನೆಯಲ್ಲಿ 'ಶಾಲೆ ಬಿಟ್ಟ ಕಾರಣ' ಎಂಬ ಕಲಂ. ಅಲ್ಲಿ ಎಲ್ಲರಿಗೂ ಒಂದೇ ಮಾತು: ಮುಂದಿನ ವ್ಯಾಸಂಗಕ್ಕಾಗಿ. ಅಲ್ಲಿಗೆ ನಮ್ಮ ದಾಖಲೆ ಮುಗಿಯುತ್ತದೆ. ಅವರಲ್ಲಿ ಎಷ್ಟು ಜನ ಸೈನ್ಯಕ್ಕೆ ಹೋದರು, ಎಲ್ಲಿ ದುಡಿದರು, ಹೇಗೆ ಬಂದರು, ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ಊರಿನವರು ಯಾರೂ ಯುದ್ಧದಲ್ಲಿ ಕಾಣೆಯಾಗದೇ ಇರಬಹುದು. ಆದರೆ ನಮ್ಮ ದಾಖಲೆಯಲ್ಲಿ ಅವರೆಲ್ಲರೂ ಕಾಣೆಯಾದವರೇ.

ಹಾಗಾಗಿ ಸಂಘಕ್ಕೆ, ಶಾಲೆಗೆ ನನ್ನದೊಂದು ವಿನಂತಿ. ದಸರಾ ರಜೆಯಲ್ಲಿ ಎಂಟು, ಒಂಬತ್ತನೇ ತರಗತಿಯ ಮಕ್ಕಳು ಇಬ್ಬಿಬ್ಬರಂತೆ ಮಾಜಿ ಸೈನಿಕರ, ಈಗ ಸೇವೆಯಲ್ಲಿರುವವರ ಮನೆಗೆ ಹೋಗಲಿ. ಐದೇ ಪ್ರಶ್ನೆ: ಹೆಸರು ಏನು, ಈ ಶಾಲೆಯಲ್ಲಿ ಯಾವ ವರ್ಷ ಓದಿದಿರಿ, ಯಾವ ದಳ ಸೇರಿದಿರಿ, ಎಲ್ಲೆಲ್ಲಿ ಇದ್ದಿರಿ, ನಿಮಗೆ ಮರೆಯಲಾಗದ ದಿನ ಯಾವುದು. ತೀರಿಕೊಂಡವರಿದ್ದರೆ ಮನೆಯವರನ್ನು ಕೇಳಿ, ಅವರ ಕಾಗದಪತ್ರ, ಫೋಟೊ, ಟ್ರಂಕಿನ ಮೇಲಿನ ನಂಬರು ಬರೆದುಕೊಳ್ಳಿ. ಹೇಳಲು ಇಷ್ಟವಿಲ್ಲದವರನ್ನು ಒತ್ತಾಯಿಸಬೇಡಿ. ಎಲ್ಲವನ್ನೂ ಟೈಪ್ ಮಾಡಿ, ಒಪ್ಪವಾಗಿ ಜೋಡಿಸಿ ಕೊಡುವ ಕೆಲಸ ನನ್ನದು. ಕಂಪ್ಯೂಟರಿನಲ್ಲಿ ಇಟ್ಟದ್ದು ಶಾಶ್ವತ ಎಂದು ನಂಬಬೇಡಿ, ಆ ಕೆಲಸ ಮಾಡುವವನಾಗಿ ಹೇಳುತ್ತಿದ್ದೇನೆ. ಒಂದು ಗಟ್ಟಿ ರಟ್ಟಿನ ಪುಸ್ತಕದಲ್ಲೂ ಕೈಬರಹದಲ್ಲಿ ಬರೆದು ದಾಖಲಾತಿ ರಿಜಿಸ್ಟರಿನ ಪಕ್ಕದಲ್ಲೇ ಇಡೋಣ.

ಮಕ್ಕಳೇ, ಕೊನೆಯದಾಗಿ ನಿಮಗೆ ಒಂದು ಮಾತು. ದೇವಯ್ಯನವರ ಹಾಗೆ ನೀವೆಲ್ಲ ಯುದ್ಧವಿಮಾನ ಹಾರಿಸಿ ಎಂದು ನಾನು ಹೇಳುವುದಿಲ್ಲ. ಯಾರಿಗಾದರೂ ಆ ಆಸೆ ಇದ್ದರೆ ಬಹಳ ಸಂತೋಷ. ನಾನು ಹೇಳುವುದು ಇಷ್ಟೆ: ಅಂದು ಅವರ ಹೆಸರು ಮುಖ್ಯ ಪಟ್ಟಿಯಲ್ಲಿ ಇರಲಿಲ್ಲ, ಆದರೂ ಪೂರ್ತಿ ಸಿದ್ಧರಾಗಿದ್ದರು. ತಿರುಗಿ ನಿಂತಾಗ ನೋಡಲು ಯಾರೂ ಇರಲಿಲ್ಲ, ಹೇಳಲು ತಾವೂ ಉಳಿಯುವುದಿಲ್ಲ ಎಂಬುದು ಬಹುಪಾಲು ಗೊತ್ತಿತ್ತು. ಪದಕ ಸಿಗುತ್ತದೆ ಎಂದು ಯಾರೂ ಅಂಥ ಕೆಲಸ ಮಾಡಲಾರರು. ಮಾಡುವುದು ಅವರ ಪಾಲಿನದಾಗಿತ್ತು, ಮಾಡಿದರು. ನೆನಪಿಡುವುದು ನಮ್ಮ ಪಾಲಿನದು. ಅದರಲ್ಲಿ ದೇಶ 23 ವರ್ಷ ತಡಮಾಡಿತು. ನಮ್ಮೂರಿನವರ ವಿಷಯದಲ್ಲಿ ನಾವು ಈಗಾಗಲೇ ಐವತ್ತು ವರ್ಷ ತಡಮಾಡಿದ್ದೇವೆ.

ಹಿಂದಿನ ಸಾಲಿನಲ್ಲಿ, ಬೇವಿನ ಮರದ ಕೆಳಗೆ ಮೂವರು ಮಾಜಿ ಸೈನಿಕರು ಕುಳಿತಿದ್ದಾರೆ. ಅವರನ್ನು ವೇದಿಕೆಗೆ ಕರೆಯಲು ಹೋದರೆ ಬೇಡ ಎನ್ನುತ್ತಾರೆ ಎಂದು ನನಗೆ ಗೊತ್ತು. ಕಾರ್ಯಕ್ರಮ ಮುಗಿದ ಮೇಲೆ ಮಕ್ಕಳು ಅವರ ಬಳಿ ಹೋಗಿ ಆ ಐದು ಪ್ರಶ್ನೆ ಕೇಳಿ. ಮೊದಲ ಪುಟ ಇವತ್ತೇ ತುಂಬಲಿ.



ಜೈ ಹಿಂದ್, ಜೈ ಕರ್ನಾಟಕ.